ಅತ್ತು ಬಂದವರ ಸಂತೋಷ

"ನಾಟ್ಕ ಹೆಂಗಿತ್ತೇ ಯಕ್ಕಾ?" ಅಂತ ಕೇಳಿದರೆ ನಮ್ಮ ಸಾಸ್ವೆಹಳ್ಳಿ ಸೀಮೆಯ ಹೆಣ್ಣುಮಕ್ಕಳು ಕೊಡುವ ಉತ್ತರ ಇದು: "ಬಾಳ ಚೆನ್ನಾಗಿತ್ತು ಕಣವ್ವಾ, ಅತ್ತೂ ಅತ್ತೂ ಸಾಕಾತು." ಎರಡು ಮಾತನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಚೆನ್ನಾಗಿತ್ತು ಎನ್ನುವುದಕ್ಕೆ ಅತ್ತದ್ದೇ ಸಾಕ್ಷಿ. ಅಳು ಬರಲಿಲ್ಲವೆಂದರೆ ನಾಟಕ ಕೆಟ್ಟಿತು, ಪೇಟಿ ಮಾಸ್ತರು ಸರಿಯಾಗಿ ಕಲಿಸಲಿಲ್ಲ ಎಂದೇ ಲೆಕ್ಕ.

ಸುಗ್ಗಿ ಮುಗಿದು, ಭದ್ರಾ ನಾಲೆಯ ನೀರಲ್ಲಿ ಬೆಳೆದ ಭತ್ತ ಕಣದಿಂದ ಮನೆ ಸೇರಿ (ಯಾರ ಮನೆ ಎಂಬುದು ಬೇರೆ ಮಾತು), ಜಾತ್ರೆಯ ದಿನ ಬಂತೆಂದರೆ ಹೊನ್ನಾಳಿ, ಚನ್ನಗಿರಿ ಕಡೆಯ ಹಳ್ಳಿಗಳಲ್ಲಿ ಸ್ಟೇಜು ಏಳುತ್ತದೆ. ಹಗಲೆಲ್ಲ ಗೇದ ಮೈ ರಾತ್ರಿಯೆಲ್ಲ ನಿದ್ದೆಗೆಟ್ಟು ಕೂರುತ್ತದೆ. ಮನೆಯಲ್ಲೇ ಅಳಲಿಕ್ಕೆ ಬೇಕಾದಷ್ಟು ಕಾರಣವಿರುವ ಜನ, ಚಾಪೆ ಕಂಬಳಿ ಹೊತ್ತುಕೊಂಡು ಅಳಲಿಕ್ಕೆಂದೇ ಇನ್ನೊಂದು ಕಡೆ ಹೋಗುತ್ತಾರೆ. ಯಾಕೆ? ಇನ್ನೊಬ್ಬರ ದುಃಖ ನೋಡಿ ಸುಖಪಡುವುದು ಎಂಥ ಗುಣ? ಪಂಡಿತರು ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಈ ಪ್ರಶ್ನೆಗೆ ಉತ್ತರ ಹೇಳುತ್ತಾ ಬಂದಿದ್ದಾರೆ. ಅದೇ ಪ್ರಶ್ನೆಯನ್ನು ನಾವು ಕೇರಿಯ ಕಡೆಯಿಂದ ಕೇಳಬೇಕಾಗಿದೆ.

ಗ್ರೀಸಿನ ಅರಿಸ್ಟಾಟಲ್ ಹೇಳಿದ್ದು ಇಷ್ಟು: ದುರಂತ ನಾಟಕ ನೋಡುಗನಲ್ಲಿ ಕರುಣೆಯನ್ನೂ ಭಯವನ್ನೂ ಎಬ್ಬಿಸುತ್ತದೆ, ಎಬ್ಬಿಸಿ ತೊಳೆಯುತ್ತದೆ, ಮನಸ್ಸು ಹಗುರಾಗುತ್ತದೆ. ವೈದ್ಯರು ಭೇದಿಗೆ ಕೊಟ್ಟ ಹಾಗೆ. ನಮ್ಮ ಅಲಂಕಾರಿಕರು ಹೇಳಿದ್ದು ಇನ್ನೊಂದು ತರ: ಲೋಕದ ಶೋಕ ರಂಗದ ಮೇಲೆ ಬಂದಾಗ ಕರುಣ ರಸವಾಗುತ್ತದೆ. ರಸವಾದ ಮೇಲೆ ಆ ದುಃಖ ನನ್ನದೂ ಅಲ್ಲ ನಿನ್ನದೂ ಅಲ್ಲ, ಎಲ್ಲರದೂ ಆಗುತ್ತದೆ. ಆದ್ದರಿಂದ ಅದು ಸುಡುವುದಿಲ್ಲ, ಆನಂದ ಕೊಡುತ್ತದೆ. ಈ ಎರಡೂ ಉತ್ತರ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ನೋಡುಗ ಎಂದಾಗ ಇವರ ಕಣ್ಣಮುಂದೆ ಇರುವುದು ಒಬ್ಬನೇ ಒಬ್ಬ ನೋಡುಗ. ಅವನು ಎಲ್ಲಿ ಕೂತಿದ್ದಾನೆ, ಕೂರಲಿಕ್ಕೆ ಅವನಿಗೆ ಯಾರು ಜಾಗ ಕೊಟ್ಟರು ಎಂದು ಇವರು ಕೇಳುವುದಿಲ್ಲ. ದುರಂತದ ನಾಯಕ ದೊಡ್ಡ ಹೆಸರು, ದೊಡ್ಡ ಸಂಪತ್ತು ಇದ್ದವನಾಗಿರಬೇಕು ಎಂದು ಅರಿಸ್ಟಾಟಲ್ ಕಟ್ಟು ಮಾಡಿದ. ಗುಲಾಮನಲ್ಲೂ ಒಳ್ಳೆಯತನ ಇರಬಹುದು, ಆದರೆ ಅವನು ತೀರಾ ಕೀಳು ಎಂದೂ ಅದೇ ಪುಸ್ತಕದಲ್ಲಿ ಬರೆದ. ಮೇಲಿನಿಂದ ಬೀಳುವವನ ಕಥೆ ದುರಂತ. ಸರಿ, ನೆಲದ ಮೇಲೇ ಮಲಗಿದವನು ಬೀಳುವುದು ಎಲ್ಲಿಗೆ?

ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಒಂದು ಕಥೆ ಇದೆ. ನಮ್ಮ ನಾಟಕ ಚರಿತ್ರೆಕಾರರು ಅದನ್ನು ಮಂಗಳಾಚರಣೆಯಂತೆ ಓದಿ ಮುಂದಕ್ಕೆ ಹೋಗಿಬಿಡುತ್ತಾರೆ. ವೇದವನ್ನು ಶೂದ್ರರು ಕೇಳುವ ಹಾಗಿಲ್ಲ, ಆದ್ದರಿಂದ ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದವಾಗಿ ಬ್ರಹ್ಮ ನಾಟ್ಯವನ್ನು ಮಾಡಿದನಂತೆ. ಇಂದ್ರಧ್ವಜದ ಹಬ್ಬದಲ್ಲಿ ಮೊಟ್ಟಮೊದಲ ಪ್ರಯೋಗ. ಕಥೆ ಯಾವುದು? ದೇವತೆಗಳು ದೈತ್ಯರನ್ನು ಬಡಿದು ಗೆದ್ದದ್ದು. ನೋಡಲಿಕ್ಕೆ ಕೂತವರಲ್ಲಿ ಆ ಸೋತ ದೈತ್ಯರೂ ಇದ್ದರು. ದೇವತೆಗಳು ಮೆಚ್ಚಿ ಉಡುಗೊರೆ ಕೊಟ್ಟರು. ದೈತ್ಯರಿಗೆ ಮಾತ್ರ ರಸ ಹುಟ್ಟಲಿಲ್ಲ. ತಮ್ಮ ಸೋಲನ್ನು ತಮ್ಮೆದುರಿಗೇ ಆಡಿ ತೋರಿಸುವುದನ್ನು ಒಪ್ಪೆವು ಎಂದು ಎದ್ದರು. ನಟರ ಮಾತು, ಕೈಕಾಲು ನಿಂತುಹೋದವು. ಆಗ ಇಂದ್ರ ಧ್ವಜದ ಕೋಲನ್ನೇ ಕಿತ್ತು ಅವರನ್ನು ಬಡಿದು ಜಜ್ಜಿದ. ಆ ಕೋಲಿಗೆ ಜರ್ಜರ ಎಂದು ಹೆಸರಾಯಿತು, ರಂಗಕ್ಕೆ ಕಾವಲಾಯಿತು. ಆಮೇಲೆ ಕಾಪಾಡಲಿಕ್ಕೆಂದು ನಾಟಕಶಾಲೆ ಕಟ್ಟಿಸಿದರು. ಬ್ರಹ್ಮ ದೈತ್ಯರನ್ನು ಕರೆದು, ಇದು ನಿಮ್ಮೊಬ್ಬರದಲ್ಲ, ಮೂರು ಲೋಕದ ಭಾವಗಳ ಅನುಕರಣೆ ಎಂದು ಸಮಾಧಾನ ಹೇಳಿದ. ಪೆಟ್ಟು ಮೊದಲು, ರಸ ಸಿದ್ಧಾಂತ ಆಮೇಲೆ.

ಗ್ರೀಕರ ಚರಿತ್ರೆಯಲ್ಲೂ ಇಂಥದೊಂದು ಸಂಗತಿ ಇದೆ. ಇದು ಪುರಾಣವಲ್ಲ, ಹೆರೊಡೋಟಸ್ ಬರೆದಿಟ್ಟದ್ದು. ಕ್ರಿ.ಪೂ. 494ರಲ್ಲಿ ಪರ್ಷಿಯನ್ನರು ಮೈಲೀಟಸ್ ಪಟ್ಟಣವನ್ನು ಹಾಳುಮಾಡಿದರು. ಅಥೆನ್ಸಿನವರಿಗೆ ಅವರು ಬಂಧುಬಳಗ. ಫ್ರಿನಿಕಸ್ ಎಂಬ ಕವಿ ಅದನ್ನೇ ನಾಟಕ ಮಾಡಿ ಆಡಿಸಿದ. ಇಡೀ ರಂಗಮಂದಿರ ಗೋಳೋ ಎಂದು ಅತ್ತಿತು. ಅತ್ತ ಜನ ಕವಿಗೆ ಬಹುಮಾನ ಕೊಡಲಿಲ್ಲ, ಸಾವಿರ ದ್ರಾಕ್ಮ ದಂಡ ಹಾಕಿದರು. ನಮ್ಮ ಸ್ವಂತ ಗೋಳನ್ನು ನೆನಪಿಸಿದೆ ಎಂಬುದೇ ಅವನ ಅಪರಾಧ. ಆ ನಾಟಕವನ್ನು ಇನ್ನು ಯಾರೂ ಆಡಕೂಡದೆಂದು ಆಜ್ಞೆಯಾಯಿತು. ಮುಂದೆ, ಕ್ರಿ.ಪೂ. 472ರಲ್ಲಿ, ಈಸ್ಕಿಲಸ್ 'ಪರ್ಷಿಯನ್ನರು' ಆಡಿಸಿದ. ಸೋತ ಶತ್ರುಗಳ ಅರಮನೆಯ ಗೋಳಾಟ. ಅದಕ್ಕೆ ಮೊದಲ ಬಹುಮಾನ ಬಂತು. ಬಿ.ಎಂ.ಶ್ರೀ.ಯವರು 1935ರಲ್ಲಿ 'ಪಾರಸಿಕರು' ಎಂದು ಕನ್ನಡಕ್ಕೆ ತಂದದ್ದು ಇದನ್ನೇ. ಅದಕ್ಕೆ ಮೊದಲು 'ಗದಾಯುದ್ಧ ನಾಟಕಂ', 'ಅಶ್ವತ್ಥಾಮನ್' ಬರೆದು ಕಾಲೇಜಿನ ಹುಡುಗರಿಗೆ ರುದ್ರನಾಟಕದ ರುಚಿ ಹತ್ತಿಸಿದವರೂ ಅವರೇ. ಮೈಲೀಟಸ್ಸಿನ ನಾಟಕವನ್ನು ಕನ್ನಡಕ್ಕೆ ತರಲು ಯಾರಿಂದಲೂ ಆಗುವುದಿಲ್ಲ, ಅದು ಉಳಿದೇ ಇಲ್ಲ.

ಅಂದರೆ ಅಳು ಸುಖವಾಗಬೇಕಾದರೆ ನಡುವೆ ಒಂದು ಅಂತರ ಇರಬೇಕು. ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು, ಮೈಗೆ ಮುಟ್ಟಬಾರದು. ಈ ಮಾತನ್ನು ನಮ್ಮ ನಾಡಿನ ಒಬ್ಬ ಕವಿ ಬಹಳ ಹಿಂದೆಯೇ ಬೇರೆ ಸಂದರ್ಭದಲ್ಲಿ ಕಂಡಿದ್ದ. ಹಂಪೆಯ ರಾಘವಾಂಕ, ಹದಿಮೂರನೆಯ ಶತಮಾನದವನು, ಹರಿಹರನ ಸೋದರಳಿಯ. ಅವನ ಹರಿಶ್ಚಂದ್ರ ಕಾವ್ಯದಲ್ಲಿ ವಿಶ್ವಾಮಿತ್ರ ಕಳಿಸಿದ ಇಬ್ಬರು ಹೊಲತಿಯರು ರಾಜನ ಮುಂದೆ ಹಾಡಿ ಕುಣಿಯುತ್ತಾರೆ. ರಾಜ ಮೆಚ್ಚುತ್ತಾನೆ, ಒಡವೆ ಕೊಡಲು ಬರುತ್ತಾನೆ. ಅವರು ಒಡವೆ ಬೇಡ, ನಿನ್ನ ಸತ್ತಿಗೆ ಕೊಡು ಎನ್ನುತ್ತಾರೆ. ಅದಾಗದೆಂದಾಗ ಗಂಡನಾಗು ಎನ್ನುತ್ತಾರೆ. ರಾಜನಿಗೆ ಕುಲ ನೆನಪಾಗುತ್ತದೆ. ಆಗ ಆ ಹುಡುಗಿಯರು ಹೂಡುವ ವಾದ ಕನ್ನಡ ಕಾವ್ಯದಲ್ಲೇ ಅಪರೂಪದ್ದು: ನಮ್ಮ ಹಾಡು ಕೇಳಿದ ಕಿವಿಗೆ, ನಮ್ಮ ರೂಪ ನೋಡಿದ ಕಣ್ಣಿಗೆ, ನಮ್ಮ ಮೈಗಂಪು ಹೊಕ್ಕ ಮೂಗಿಗೆ ಆಗದ ಮೈಲಿಗೆ ಮುಟ್ಟಿದರೆ ಮಾತ್ರ ಹೇಗಾಗುತ್ತದೆ? ರಾಜನ ಬಳಿ ಉತ್ತರವಿಲ್ಲ, ಚಾವಟಿ ಇದೆ. ಅಲ್ಲಿಂದಲೇ ಅವನ ಕಷ್ಟ ಶುರುವಾಗುವುದು.

ಹರಿಶ್ಚಂದ್ರ ಮೊದಲು ನೋಡುಗನಾಗಿದ್ದ ಎಂಬುದನ್ನು ನಾವು ಮರೆಯುತ್ತೇವೆ. ಕೀಳೆಂದವರ ಕಲೆಯನ್ನು ಮುಟ್ಟದೆ ಸವಿಯಬಹುದು ಎಂದುಕೊಂಡ ನೋಡುಗ. ಕವಿ ಅವನನ್ನು ಎತ್ತಿ ಆ ಅಂತರದ ಆಚೆಗೆ ಒಗೆಯುತ್ತಾನೆ. ಹೆಂಡತಿ ಚಂದ್ರಮತಿಯನ್ನೂ ಮಗ ಲೋಹಿತಾಶ್ವನನ್ನೂ ಮಾರಿ, ಕೊನೆಗೆ ತನ್ನನ್ನೇ ವೀರಬಾಹುವಿಗೆ ಮಾರಿಕೊಂಡು ಸುಡುಗಾಡು ಕಾಯುತ್ತಾನೆ. ಹಾವು ಕಚ್ಚಿ ಸತ್ತ ಮಗನ ಹೆಣ ಹೊತ್ತು ಬಂದ ತಾಯಿಯ ಹತ್ತಿರ, ಗಂಡನೇ ಸುಡುಗಾಡಿನ ತೆರಿಗೆ ಕೇಳುತ್ತಾನೆ.

ಕನ್ನಡ ನಾಡು ಈ ಕಥೆಗೆ ಅತ್ತಷ್ಟು ಇನ್ನು ಯಾವುದಕ್ಕೂ ಅತ್ತಿಲ್ಲವೇನೋ. ಬಯಲಾಟದವರು ಆಡಿದರು, ಕಂಪನಿಯವರು ಆಡಿದರು, ಹಳ್ಳಿಯ ಹುಡುಗರು ಆಡಿದರು. 1913ರಲ್ಲಿ ಫಾಲ್ಕೆ ಈ ದೇಶದ ಮೊದಲ ಕಥಾಚಿತ್ರ ಮಾಡಲು ಆರಿಸಿಕೊಂಡದ್ದೂ ಇದೇ ಕಥೆ. ಕನ್ನಡದಲ್ಲಿ 1943ರಲ್ಲಿ ಒಮ್ಮೆ ಸಿನಿಮಾ ಆಯಿತು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ರಾಜಕುಮಾರ್, ಪಂಡರಿಬಾಯಿಯವರನ್ನು ಇಟ್ಟು ಮಾಡಿದ 'ಸತ್ಯ ಹರಿಶ್ಚಂದ್ರ' ಊರೂರನ್ನು ಅಳಿಸಿತು. ಗುಜರಾತಿನಲ್ಲಿ ಹುಡುಗ ಗಾಂಧಿ ಹರಿಶ್ಚಂದ್ರ ನಾಟಕ ನೋಡಿ, ಅದನ್ನು ತನ್ನೊಳಗೇ ಎಷ್ಟೋ ಸಲ ಆಡಿಕೊಂಡು, ನೆನೆನೆನೆದು ಅತ್ತದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಎಲ್ಲರೂ ಯಾಕೆ ಹರಿಶ್ಚಂದ್ರನಂತೆ ಸತ್ಯವಂತರಾಗಬಾರದು ಎಂಬುದು ಅವರಿಗೆ ಹುಟ್ಟಿದ ಪ್ರಶ್ನೆ. ಗಾಂಧಿಗೆ ಆ ನಾಟಕದಲ್ಲಿ ಸತ್ಯ ಕಂಡಿತು. ನಮ್ಮವರಿಗೆ ಕಂಡದ್ದು ಸುಡುಗಾಡು.

ನಮ್ಮ ಹಿರಿಯರು ಈ ನಾಟಕ ನೋಡಿದ್ದು ಎಲ್ಲಿಂದ? ಸ್ಟೇಜಿನ ಮುಂದೆ ಗೌಡರ, ಶಾನುಭೋಗರ ಕುರ್ಚಿ. ಅದರ ಹಿಂದೆ ಊರವರ ಚಾಪೆ. ಅದರಾಚೆ, ಗ್ಯಾಸ್‌ಲೈಟಿನ ಬೆಳಕು ಮುಗಿದು ಕತ್ತಲೆ ಶುರುವಾಗುವ ಗೆರೆಯಲ್ಲಿ ಕೇರಿಯ ಜನ. ನಾಟಕ ಐತಿ ಬರ್ರೆಪ್ಪೋ ಅಂತ ಹಲಗೆ ಬಡಿದು ಸಾರಿದವನೂ ಅಲ್ಲೇ ಕೂರಬೇಕು. ಈಗ ಒಂದು ಸಲ ಆ ಗೆರೆಯಲ್ಲಿ ಕೂತು ನೋಡಿ. ಒಬ್ಬ ರಾಜ ಸುಡುಗಾಡು ಕಾಯುವ ಆಳಾದನೆಂದು ಮುಂದಿನ ಸಾಲು ಬಿಕ್ಕುತ್ತದೆ. ಹಿಂದೆ ಕೂತವನ ತಾತ, ಅಪ್ಪ, ಅವನು, ಎಲ್ಲರೂ ಊರಿನ ಹೆಣಕ್ಕೆ ಗುಂಡಿ ತೋಡಿದವರು, ಸೌದೆ ಹೊತ್ತವರು, ಸಾವಿನ ಸುದ್ದಿ ಹೊತ್ತು ಊರೂರಿಗೆ ಓಡಿದವರು. ಮುಂದಿನ ಸಾಲಿಗೆ ಯಾವುದು ಪಾತಾಳವೋ ಅದು ಇವನ ದಿನದ ಕೆಲಸ. ಒಬ್ಬ ಮನುಷ್ಯ ನಮ್ಮ ಹಾಗೆ ಆಗಿಬಿಟ್ಟನಲ್ಲಾ ಎಂಬುದೇ ಆ ನಾಟಕದ ಕರುಣ ರಸ! ಹಾಗಾದರೆ ನಮ್ಮವರೂ ದೈತ್ಯರಂತೆ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಕೂತರು, ಅತ್ತರು, ಚೆನ್ನಾಗಿತ್ತು ಅಂದರು.

ಇದನ್ನು ಗುಲಾಮಗಿರಿ ಎಂದು ಒಂದೇ ಮಾತಲ್ಲಿ ತಳ್ಳಿಹಾಕುವ ಗೆಳೆಯರಿದ್ದಾರೆ. ನಾವು ಒಪ್ಪಲಾರೆವು. ಕೇರಿಯ ಹೆಂಗಸರು ಸೆರಗು ಕಚ್ಚಿ ಅತ್ತದ್ದು ಅಯೋಧ್ಯೆಯ ಸಿಂಹಾಸನಕ್ಕೆ ಅಲ್ಲ. ಹೆಣ ಹೊತ್ತ ತಾಯಿಯ ಹತ್ತಿರ ಕಾಸಿಲ್ಲ, ಹುಗಿಯಲಿಕ್ಕೆ ಜಾಗವಿಲ್ಲ. ಇದು ಅವರಿಗೆ ಯಾವ ಪುರಾಣದಿಂದಲೂ ತಿಳಿಯಬೇಕಾಗಿರಲಿಲ್ಲ. ಸ್ವಂತ ಸುಡುಗಾಡು ಇಲ್ಲದೆ ಹಳ್ಳದ ದಂಡೆಯಲ್ಲೋ ರಸ್ತೆ ಬದಿಯಲ್ಲೋ ಮಣ್ಣು ಮಾಡುವ ಕೇರಿಗಳು ಇವತ್ತಿಗೂ ಇವೆ. ಕೇರಿಯಲ್ಲಿ ಕೂಸು ಸತ್ತು ತಾಯಿ ಬೋರಾಡಿ ಅತ್ತರೆ ಊರಿಗೆ ಅದು ಕೇಳುವುದಿಲ್ಲ, ಕೇಳಿದರೂ ಬಾಗಿಲು ತೆಗೆಯುವುದಿಲ್ಲ. ನಾಟಕದ ರಾತ್ರಿ ಅದೇ ಅಳುವನ್ನು ಚಂದ್ರಮತಿ ಎಂಬ ಹೆಸರಿಟ್ಟುಕೊಂಡು ಒಬ್ಬಾಕೆ ಅಳುತ್ತಾಳೆ. ಗೌಡರಾದಿಯಾಗಿ ಇಡೀ ಊರು ಉಸಿರು ಬಿಗಿಹಿಡಿದು ಕೇಳುತ್ತದೆ. ಪೇಟಿ ಶ್ರುತಿ ಹಿಡಿಯುತ್ತದೆ. ಒನ್ಸ್ ಮೋರ್ ಎನ್ನುತ್ತಾರೆ. ನಮ್ಮ ಗೋಳಿಗೆ ಊರು ಕಿವಿಗೊಟ್ಟಿತು ಎಂಬ ಸಮಾಧಾನ, ಬೇರೆಯವರ ಹೆಸರಿನಲ್ಲಾದರೂ ಸರಿ. ಅತ್ತು ಬಂದವರ ಸಂತೋಷದಲ್ಲಿ ಇದರ ಪಾಲು ದೊಡ್ಡದು ಎಂದು ನಮಗನ್ನಿಸುತ್ತದೆ. ಅರಿಸ್ಟಾಟಲನ ತೊಳೆಯುವ ಲೆಕ್ಕದಲ್ಲಿ ಇದು ಬರುವುದಿಲ್ಲ, ಯಾಕೆಂದರೆ ಇಲ್ಲಿ ಹೊರಗೆ ಹೋದದ್ದಕ್ಕಿಂತ ಒಳಗೆ ಬಂದದ್ದು ಹೆಚ್ಚು.

ಸ್ಟೇಜಿನ ಮೇಲೆ ಅಳುತ್ತಿದ್ದವರು ಯಾರು ಎಂಬುದನ್ನೂ ಹೇಳಬೇಕು. ದಾವಣಗೆರೆ ನಾಟಕದ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಅಲ್ಲಿಯದು. ಬಳ್ಳಾರಿ, ಚಿತ್ರದುರ್ಗ ಸೀಮೆಯಲ್ಲಿ ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ಇಲ್ಲದ ಜಾತ್ರೆ ಜಾತ್ರೆಯೇ ಅಲ್ಲ ಎನ್ನುವ ಕಾಲವಿತ್ತು. ಅದರ ದ್ರೌಪದಿಯಾಗಿ ಸುಭದ್ರಮ್ಮ ಮನ್ಸೂರ್ ಹೆಸರಾದರು. ಹಳ್ಳಿಯ ಗಂಡಸರು ಆಡುವ ನಾಟಕಕ್ಕೆ ಹೆಣ್ಣುಪಾತ್ರದವರನ್ನು ದುಡ್ಡು ಕೊಟ್ಟು ಪಟ್ಟಣದಿಂದ ಕರೆಸುತ್ತಿದ್ದರು, ಈಗಲೂ ಕರೆಸುತ್ತಾರೆ. ಇವರಲ್ಲಿ ಎಷ್ಟೋ ಜನ ಬಡತನದಿಂದ, ದೇವದಾಸಿ ಪದ್ಧತಿಗೆ ಸಿಕ್ಕ ಮನೆತನಗಳಿಂದ ಬಂದವರು. ರಾತ್ರಿ ಪತಿವ್ರತೆ ಚಂದ್ರಮತಿಯಾಗಿ ಇಡೀ ಊರನ್ನು ಅಳಿಸಿದ ಹೆಣ್ಣುಮಗಳು ಬೆಳಗಿನ ಬಸ್ಸಿಗೆ ಕಾಯುತ್ತಾ ನಿಂತಾಗ ಅದೇ ಊರು ಅವಳನ್ನು ನೋಡುವ ನೋಟವೇ ಬೇರೆ. ನೋಡಬಹುದು, ಕೇಳಬಹುದು. ಹರಿಶ್ಚಂದ್ರನ ಆಸ್ಥಾನದ ಕಾನೂನು ಹೋಗಿಲ್ಲ.

ಇನ್ನು ವೀರಬಾಹುವಿನ ವಿಚಾರ. ಇಡೀ ಕಥೆಯಲ್ಲಿ ನಮ್ಮವನೆಂದು ಹೇಳಿಕೊಳ್ಳಲು ಇರುವವನು ಅವನೊಬ್ಬ. ನಾಟಕದಲ್ಲಿ ಸಾಮಾನ್ಯವಾಗಿ ಮುಖಕ್ಕೆ ಮಸಿ, ಕೈಯಲ್ಲಿ ಹೆಂಡದ ಗಡಿಗೆ. 1965ರ ಸಿನಿಮಾದಲ್ಲಿ ಎಂ.ಪಿ.ಶಂಕರ್ ಆ ಪಾತ್ರಕ್ಕೆ ಒಂದು ಗತ್ತು ತಂದರು, ಕುಲದ ಮೇಲುಕೀಳನ್ನು ಪ್ರಶ್ನಿಸುವ ಹಾಡೂ ಅವನ ಬಾಯಿಗೇ ಸಿಕ್ಕಿತು. ಆದರೆ ಮಾರ್ಕಂಡೇಯ ಪುರಾಣ ತೆಗೆದು ನೋಡಿದರೆ ಕೊನೆಗೆ ಏನಾಗುತ್ತದೆ? ಆ ಚಂಡಾಲ ಚಂಡಾಲನೇ ಅಲ್ಲವಂತೆ, ಧರ್ಮದೇವತೆಯೇ ಆ ವೇಷದಲ್ಲಿ ಬಂದಿದ್ದನಂತೆ! ರಾಜ ಒಂದು ದಿನವೂ ನಿಜವಾದ ಹೊಲೆಯನ ಆಳಾಗಿರಲಿಲ್ಲ. ಮುಂದಿನ ಸಾಲಿನವರ ಸಂತೋಷಕ್ಕೆ ಇದೂ ಒಂದು ಕಾರಣ: ಅತ್ತದ್ದೂ ಆಯಿತು, ಕೊನೆಗೆ ಮೈಲಿಗೆಯೂ ಆಗಲಿಲ್ಲ. ಸತ್ತ ಮಗ ಎದ್ದ, ರಾಜ್ಯ ಬಂತು. ಸುಡುಗಾಡಿನಲ್ಲಿ ಉಳಿದವರು ಯಾರು ಎಂದು ಮಂಗಳ ಹಾಡುವಾಗ ಯಾರೂ ಕೇಳುವುದಿಲ್ಲ.

ಕರ್ಣನ ಕಥೆಯೂ ಇದೇ ದಾರಿ. 941ರ ಪಂಪನಿಂದ ಹಿಡಿದು ನಿನ್ನೆ ಮೊನ್ನೆಯ ಕುರುಕ್ಷೇತ್ರ ನಾಟಕದವರೆಗೆ ಕನ್ನಡಿಗರು ಕರ್ಣನಿಗೆ ಕರಗಿದ್ದಾರೆ. ಸೂತಪುತ್ರ ಎಂಬ ಮಾತು ಅವನನ್ನು ಇರಿದಾಗ ನಮಗೂ ಇರಿಯುತ್ತದೆ. ಆದರೆ ಅವನು ಸೂತಪುತ್ರನಲ್ಲ, ಸೂರ್ಯನ ಮಗ, ಕುಂತಿಯ ಹಿರಿಯ ಮಗ ಎಂದು ನೋಡುಗನಿಗೆ ಮೊದಲೇ ಗೊತ್ತು. ಗೊತ್ತಿರುವುದರಿಂದಲೇ ಕರುಣೆ ಉಕ್ಕುತ್ತದೆ. ಮೇಲಿನವನನ್ನು ಕೀಳೆಂದು ತಪ್ಪು ತಿಳಿದರಲ್ಲಾ ಎಂಬ ಕರುಣೆ ಅದು. ನಿಜವಾಗಿಯೇ ರಥ ಹೊಡೆಯುವವನ ಮಗನಾಗಿದ್ದರೆ? ಹಾಗಿದ್ದವರೂ ನಮ್ಮ ಮಹಾಕಾವ್ಯಗಳಲ್ಲಿದ್ದಾರೆ. ಏಕಲವ್ಯ ಬೇಡನೇ, ಯಾವ ದೇವರೂ ವೇಷ ಹಾಕಿ ಬಂದದ್ದಲ್ಲ. ಶಂಬೂಕ ಶೂದ್ರನೇ. ಒಬ್ಬನ ಬೆರಳು ಹೋಯಿತು, ಇನ್ನೊಬ್ಬನ ತಲೆ ಹೋಯಿತು. ಸಾವಿರಾರು ವರ್ಷ ಇವರು ಗುರುಭಕ್ತಿಗೆ, ರಾಜಧರ್ಮಕ್ಕೆ ಉದಾಹರಣೆಯಾದರೇ ಹೊರತು ಇವರಿಗಾಗಿ ಯಾವ ಹಳ್ಳಿಯೂ ರಾತ್ರಿಯೆಲ್ಲ ಕೂತು ಅಳಲಿಲ್ಲ.

ಕುವೆಂಪು ಅವರು ಇದನ್ನು ಕಂಡವರು. 1947ರ 'ಬೆರಳ್‌ಗೆ ಕೊರಳ್'ನಲ್ಲಿ ಏಕಲವ್ಯನ ತಾಯಿಯನ್ನು ತಂದು ನಿಲ್ಲಿಸಿ, ಬೆರಳಿಗೆ ಪ್ರತಿಯಾಗಿ ಕೊರಳನ್ನೇ ಲೆಕ್ಕ ಕೇಳಿಸಿದರು. ಅದಕ್ಕೂ ಮೊದಲು 1944ರ 'ಶೂದ್ರ ತಪಸ್ವಿ'ಯಲ್ಲಿ ಶಂಬೂಕನನ್ನು ಕೊಲ್ಲಲಿಕ್ಕೇ ಒಪ್ಪಲಿಲ್ಲ. ರಾಮ ಬಿಟ್ಟ ಅಸ್ತ್ರ ತಪಸ್ವಿಯನ್ನು ಬಿಟ್ಟು ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುತ್ತದೆ, ಅವನು ಬಾಗಿದಾಗ ನಿಲ್ಲುತ್ತದೆ. ಮಾಸ್ತಿಯವರು ಆಕ್ಷೇಪ ಎತ್ತಿದರು, ಅದೊಂದು ದೊಡ್ಡ ಚರ್ಚೆಯೇ ಆಯಿತು. ನಮ್ಮ ಮಾತು ಬೇರೆ. ಶಂಬೂಕನನ್ನು ಉಳಿಸಿದ್ದು ಕವಿಯ ದೊಡ್ಡ ಮನಸ್ಸು, ನಿಜ. ಆದರೆ ಹಾಗೆ ಉಳಿಸಿದ್ದರಿಂದ ಅವನಿಗಾಗಿ ಅಳುವ ಒಂದು ಅವಕಾಶವೂ ತಪ್ಪಿತು. ರಾಮನ ಮಾನವೂ ಉಳಿಯಿತು.

ಹಾಗೆ ಯಾವ ವೇಷವೂ ಇಲ್ಲದೆ ನಮ್ಮವರ ಸಾವು ರಂಗಕ್ಕೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಆ ಹೊತ್ತಿಗೆ ನಮ್ಮ ಮಗ್ಗುಲಿನ ಭದ್ರಾವತಿಯಲ್ಲಿ, ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ.ಕೃಷ್ಣಪ್ಪನವರು ಗೆಳೆಯರೊಂದಿಗೆ ದಲಿತ ಸಂಘರ್ಷ ಸಮಿತಿ ಕಟ್ಟುತ್ತಿದ್ದರು. 1975ರಲ್ಲಿ ಸಮುದಾಯ ತಂಡ ಹುಟ್ಟಿತು. 1977ರ ಮೇ 27ರಂದು ಬಿಹಾರದ ಬೆಲ್ಚಿಯಲ್ಲಿ ಭೂಮಾಲೀಕರ ಕಡೆಯವರು 11 ಜನರನ್ನು ಕೊಂದು ಬೆಂಕಿಗೆ ಹಾಕಿದರು. ಅವರಲ್ಲಿ 8 ಜನ ದಲಿತರು. ಅದನ್ನು ಸಿ.ಜಿ.ಕೃಷ್ಣಸ್ವಾಮಿಯವರು ಸಮುದಾಯಕ್ಕಾಗಿ 'ಬೆಲ್ಚಿ' ಎಂಬ ಬೀದಿ ನಾಟಕ ಮಾಡಿ ಊರೂರು ತಿರುಗಿಸಿದರು. ಬೀದಿ ನಾಟಕಕ್ಕೆ ಸ್ಟೇಜಿಲ್ಲ, ಪರದೆಯಿಲ್ಲ, ಮುಂದಿನ ಕುರ್ಚಿ ಹಿಂದಿನ ಕತ್ತಲೆ ಇಲ್ಲ. ಸುತ್ತ ನಿಂತವರು ನಾಟಕವನ್ನೂ ನೋಡಬೇಕು, ಎದುರಿಗೆ ನಿಂತ ಊರವನ ಮುಖವನ್ನೂ ನೋಡಬೇಕು. ಬೆಲ್ಚಿ ನೋಡಿ ಬಂದು ಯಾರೂ ಅತ್ತೂ ಅತ್ತೂ ಸಾಕಾತು ಎನ್ನುವ ಹಾಗಿರಲಿಲ್ಲ. ಅಳು ಗಂಟಲಲ್ಲೇ ಗಟ್ಟಿಯಾಗುವ ನಾಟಕ ಅದು. ನೋಡುಗ ಅತ್ತು ಹಗುರಾಗಿ ಮನೆಗೆ ಹೋಗಬಾರದು ಎಂದ ಜರ್ಮನಿಯ ಬ್ರೆಕ್ಟನ ಮಾತನ್ನು ಆ ದಿನಗಳಲ್ಲಿ ನಾವೆಲ್ಲ ಜಪ ಮಾಡಿದೆವು.

ಆದರೂ ಬರೀ ಸಿಟ್ಟಿನಿಂದ ನಾಟಕ ಬದುಕುವುದಿಲ್ಲ. ಅದೇ ಸಿ.ಜಿ.ಕೆ. ದೇವನೂರ ಮಹಾದೇವರ 'ಒಡಲಾಳ'ವನ್ನು ರಂಗಕ್ಕೆ ತಂದರು, ಉಮಾಶ್ರೀ ಸಾಕವ್ವನಾದರು. ಅಲ್ಲಿ ಬೀಳುವ ರಾಜನಿಲ್ಲ. ಕಳೆದದ್ದು ಒಂದು ಹುಂಜ. ಸಾಕವ್ವ ಅದಕ್ಕಾಗಿ ಕೇರಿಯೆಲ್ಲ ಹುಡುಕುತ್ತಾಳೆ, ಶಾಪ ಹಾಕುತ್ತಾಳೆ. ಸಾವುಕಾರನ ಕಡೆಯಿಂದ ಕದ್ದು ತಂದ ಕಳ್ಳೇಕಾಯನ್ನು ಮನೆಮಂದಿಯೆಲ್ಲ ರಾತ್ರಿ ಒಲೆಯ ಸುತ್ತ ಕೂತು ಮುಗಿಸುತ್ತಾರೆ. ಬೆಳಗಾದರೆ ಪೊಲೀಸರು. ಅರಿಸ್ಟಾಟಲ್ ಆಗಲಿ ಭರತನಾಗಲಿ ಇದನ್ನು ದುರಂತ ಎಂದು ಒಪ್ಪುತ್ತಿರಲಿಲ್ಲ. ಜನ ಮೊದಲು ಬಿದ್ದು ಬಿದ್ದು ನಗುತ್ತಾರೆ, ನಗುತ್ತಿರುವಾಗಲೇ ಕಣ್ಣು ತುಂಬಿರುವುದು ಗೊತ್ತಾಗುತ್ತದೆ. ಯಾಕೆ ತುಂಬಿತೆಂದು ಕೇಳಿದರೆ ಹೇಳಲು ಬರುವುದಿಲ್ಲ. ನಮ್ಮವ್ವ ಹಿಂಗೇ ಬೈತಿದ್ಲು ಎಂದಷ್ಟೇ ಹೇಳುತ್ತಾರೆ. ಹೆಸರನ್ನು ಯಾವ ರಾಣಿಯಿಂದಲೂ ಸಾಲ ತರಬೇಕಾಗಿಲ್ಲ.

ತುಮಕೂರು, ಮಂಡ್ಯ, ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಪಾತ್ರಗಳಿಗೆ ದರ ಇದೆ. ಆಡುವವನೇ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಸೈನಿಕನಿಗೆ ಕಡಿಮೆ. ಎತ್ತರದಿಂದ ಬಿದ್ದು ಊರನ್ನು ಅಳಿಸುವ ಹಕ್ಕೂ ಹಣವಿದ್ದವನಿಗೇ. ಈಗ ಕೇರಿಯ ಹುಡುಗರೂ ಸಂಘ ಕಟ್ಟಿಕೊಂಡು, ಕೂಲಿಯ ದುಡ್ಡು ಕೂಡಿಸಿ ಪಾತ್ರ ಹಿಡಿಯುತ್ತಾರೆ. ಅಂಬೇಡ್ಕರ್ ಜಯಂತಿಯ ಪ್ರಯುಕ್ತ ಕುರುಕ್ಷೇತ್ರ ನಾಟಕ ಎಂಬ ಫ್ಲೆಕ್ಸು ಕಂಡು ನಮ್ಮ ಗೆಳೆಯರು ಕೆಲವರು ತಲೆ ಚಚ್ಚಿಕೊಳ್ಳುತ್ತಾರೆ. ನಾವು ಅಷ್ಟು ಅವಸರ ಮಾಡುವುದಿಲ್ಲ. ಅಲ್ಲಿ ಕೇರಿಯ ಹೆಂಗಸರು ಮೊದಲನೇ ಸಾಲಿನಲ್ಲೇ ಚಾಪೆ ಹಾಸಿ ಕೂರುತ್ತಾರೆ. ಭೀಷ್ಮನೋ ಶಲ್ಯನೋ ಕರ್ಣನ ಕುಲ ಎತ್ತಿ ಆಡುವಾಗ ಅವರ ಸೆರಗು ಕಣ್ಣಿಗೆ ಹೋಗುತ್ತದೆ. ಅವನು ಕುಂತಿಯ ಮಗ ಎಂಬ ಗುಟ್ಟು ರಟ್ಟಾಗುವ ಹೊತ್ತಿಗೆ ಎಲೆಅಡಿಕೆ ಚೀಲ ಬಿಚ್ಚುತ್ತಾರೆ. ಅವನು ಸಾಯುವಾಗ ಕೆಲವರು ಆಗಲೇ ಚಾಪೆ ಸುತ್ತುತ್ತಿರುತ್ತಾರೆ, ಬೆಳಗಾದರೆ ಕೂಲಿಗೆ ಹೋಗಬೇಕು.